ಸೊಸೆವೂರು: ಹೊಯ್ಸಳರು ಬಿಟ್ಟುಬಂದರೂ ಮರೆಯದ ಊರು

ಹೊಯ್ಸಳರ ರಾಜಧಾನಿ ಯಾವುದು ಅಂತ ಕೇಳಿದರೆ ಹೆಚ್ಚಿನವರು ಹಳೇಬೀಡು ಅಂತಾರೆ. ಕೆಲವರು ಬೇಲೂರನ್ನೂ ಸೇರಿಸ್ತಾರೆ. ಇವೆರಡಕ್ಕೂ ಮುಂಚಿನ ನೆಲೆ ಮೂಡಿಗೆರೆ ತಾಲೂಕಿನ ಕಾಫಿ ತೋಟಗಳ ನಡುವೆ ಇದೆ. ಈಗ ಅದರ ಹೆಸರು ಅಂಗಡಿ. ಶಾಸನಗಳಲ್ಲಿ ಅದು ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟದಲ್ಲಿ, ಆಗಿನ ಕಡೂರು ಜಿಲ್ಲೆಯ ಭಾಗವಾಗಿ, 1901ರಲ್ಲಿ ಪ್ರಕಟಿಸಿದರು.

ರಾಜಧಾನಿ ಅಂದ ತಕ್ಷಣ ಕೋಟೆ, ಅರಮನೆ ಹುಡುಕಿಕೊಂಡು ಹೋದರೆ ನಿರಾಶೆ ಆಗುತ್ತೆ. ಇಲ್ಲಿ ನೋಡಬೇಕಾದ್ದು ಇಂದಿಗೂ ಪೂಜೆ ನಡೆಯುವ ವಸಂತಮ್ಮನ ಗುಡಿ, ಹಳೆಯ ಜೈನ ಬಸದಿಗಳು ಮತ್ತು ಕೇಶವ, ಪಾತಾಳ ರುದ್ರೇಶ್ವರ, ಮಲ್ಲಿಕಾರ್ಜುನ ದೇವಾಲಯಗಳು. ಬೇಲೂರಿನ ಕೆತ್ತನೆ ನೋಡಿ ಬಂದ ಕಣ್ಣಿಗೆ ಇದು ಕಡಿಮೆ ಅನ್ನಿಸಬಹುದು. ಆದರೆ ಇಲ್ಲಿನ ಶಾಸನಗಳನ್ನು ಓದಿದರೆ ಲೆಕ್ಕವೇ ಬೇರೆ.

ಮೊದಲು ಕಥೆ. ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಮೇಲೆರಗಿದಾಗ ಜೈನ ಗುರು ‘ಪೊಯ್ ಸಳ’ ಅಂದರಂತೆ, ಸಳ ಹುಲಿಯನ್ನು ಹೊಡೆದನಂತೆ. ‘ಪೊಯ್’ ಅಂದರೆ ಹೊಡೆ. ಹಳಗನ್ನಡದ ಪಕಾರ ಮುಂದೆ ಹಕಾರವಾಗಿ ಪೊಯ್ಸಳ ಹೊಯ್ಸಳ ಆಯಿತು. ಈ ಕಥೆ ಶಾಸನಗಳಲ್ಲಿ ಪ್ರಚಾರಕ್ಕೆ ಬರುವುದು ವಿಷ್ಣುವರ್ಧನನ ಕಾಲದಲ್ಲಿ, ಅಂದರೆ 12ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಅರಸರು ಘಟ್ಟದಂಚಿನಿಂದ ಬಯಲಿನ ಕಡೆಗೆ ಬಂದಾಗಿತ್ತು.

ಅಂಗಡಿಯ ಕಲ್ಲುಗಳು ಇದಕ್ಕಿಂತ ಹಳೆಯವು. ಸುಮಾರು 990ರ ಒಂದು ಶಾಸನ ವಿಮಲಚಂದ್ರ ಪಂಡಿತ ಎಂಬ ಜೈನ ಮುನಿ ಸನ್ಯಸನ ವಿಧಿಯಿಂದ ಮುಡಿಪಿದ್ದನ್ನು ಹೇಳುತ್ತೆ. ಇನ್ನೊಂದು ಶಕ ವರ್ಷ 984ರದ್ದು. 78 ಕೂಡಿಸಿ, 1062 ಆಯಿತು. ಇದು ಶಾಂತಿದೇವ ಮುನಿಯ ನಿಸಿದಿ. ವಿನಯಾದಿತ್ಯ ಪೊಯ್ಸಳ ಸಿರಿ ಪಡೆದದ್ದೇ ಈ ಗುರುವಿನ ಪಾದಸೇವೆಯಿಂದ ಅಂತ ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯೂ ಹೇಳುತ್ತೆ.

ಆದರೆ ರಾಜಗುರುವಿನ ಈ ನಿಸಿದಿಯನ್ನು ನಿಲ್ಲಿಸಿದವರು ಯಾರು ನೋಡಿ: ‘ನಗರ’ದವರು, ತಮ್ಮ ಗುರುವಿಗಾಗಿ. ಶಾಸನ ಭಾಷೆಯಲ್ಲಿ ನಗರ ಅಥವಾ ನಕರ ಅಂದರೆ ಬರೀ ಪಟ್ಟಣ ಅಲ್ಲ, ವರ್ತಕರ ಸಂಘಟಿತ ಸಮೂಹ. ಅಂದರೆ ಬೇಲೂರಿನ ದೇವಾಲಯ 1117ರಲ್ಲಿ ಪ್ರತಿಷ್ಠೆ ಆಗುವುದಕ್ಕೆ ಅರ್ಧ ಶತಮಾನ ಮೊದಲೇ ಈ ಮಲೆಯೂರಿನಲ್ಲಿ ಕಲ್ಲು ನಿಲ್ಲಿಸುವಷ್ಟು ಶಕ್ತಿಯುಳ್ಳ ವ್ಯಾಪಾರಿಗಳಿದ್ದರು. ನನ್ನ ಮಟ್ಟಿಗೆ, ಹೊಯ್ಸಳರ ಬೆಳವಣಿಗೆಗೆ ಸಳನ ಕಠಾರಿಗಿಂತ ಈ ವರ್ತಕರ ಕೊಡುಗೆಯೇ ದೊಡ್ಡ ಸುಳಿವು. ‘ಅಂಗಡಿ’ ಎಂಬ ಹೆಸರು ಬಂದ ಬಗೆ ಏನೇ ಇರಲಿ, ಈ ಊರಿಗೆ ಅದು ಚೆನ್ನಾಗಿ ಒಪ್ಪುತ್ತೆ.

ರಾಜಧಾನಿ ಬೇಲೂರಿಗೆ, ಆಮೇಲೆ ದೋರಸಮುದ್ರಕ್ಕೆ ಹೋಯಿತು. ಆದರೂ ಹೊಯ್ಸಳರ ಬಿರುದುಗಳಲ್ಲಿ ‘ಶಶಕಪುರದ ವಾಸಂತಿಕಾ ದೇವಿಯ ವರಪ್ರಸಾದ ಪಡೆದವರು’ ಎಂಬ ಮಾತು ಉಳಿಯಿತು; ಜೊತೆಗೆ ‘ಮಲೆಪರೊಳ್ಗಂಡ’, ಮಲೆಯ ಒಡೆಯರಲ್ಲಿ ಗಂಡು, ಎಂಬ ಹೆಮ್ಮೆಯೂ. ಬೆಂಗಳೂರಿಗೆ ಬಂದು ಎರಡು ತಲೆಮಾರಾದರೂ ಮದುವೆ ಕಾಗದದಲ್ಲಿ ಮನೆದೇವರ ಹೆಸರು ಹಾಕಿಸ್ತೀವಲ್ಲ, ಹಾಗೆ.

ಹೋದಾಗ ನಿಸಿದಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಕ್ಷರ ಕಾಣ್ತಿಲ್ಲ ಅಂತ ಸುಣ್ಣ, ಚಾಕ್‌ಪೀಸ್ ತಿಕ್ಕಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ಮಲೆನಾಡಿನ ಮಳೆ, ಪಾಚಿಗೆ ಕಲ್ಲು ಮೊದಲೇ ಸೋತಿರುತ್ತೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತೆ. ಅರಮನೆ ಉಳಿಯದ ರಾಜಧಾನಿಗೆ ಇಂಥ ಕೆಲವು ಸಾಲುಗಳೇ ಸಾಕ್ಷಿ.