ಹಾಡಿನ ಜೊತೆ ಹೆಸರೂ ಉಳಿಯಲಿ

ಸಹಕಾರ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ಜಮಾ ಆದರೂ ಹೆಸರು, ತಾರೀಖು, ರುಜು ಇರಲೇಬೇಕು. ಇದು ಸದಸ್ಯ ಬಾಂಧವರಿಗೆಲ್ಲ ಗೊತ್ತಿರುವ ಮಾತು. ಆದರೆ ನಮ್ಮ ಹಿರಿಯರ ಬಾಯಲ್ಲಿದ್ದ ಸೋಬಾನೆ, ಬೀಸುವ ಪದ, ಗಾದೆ, ಒಗಟುಗಳಿಗೆ ಬಹಳ ಕಾಲ ಇಂಥ ಲೆಕ್ಕವೇ ಇರಲಿಲ್ಲ. ಆ ಲೆಕ್ಕ ಬರೆದವರನ್ನು ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ನೆನೆಯುವುದು ಉಚಿತ.

ಮೊದಲು ಈ ಕೆಲಸಕ್ಕೆ ಕೈಹಾಕಿದವರಲ್ಲಿ ಹಳ್ಳಿಯವರೇ ಇದ್ದರು. ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಮಂಡ್ಯ ಕಡೆಯ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು 1933ರಲ್ಲಿ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಹೊರತಂದರು.

ವಿಶ್ವವಿದ್ಯಾನಿಲಯಗಳು ಬಂದದ್ದು ಆಮೇಲೆ. ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರು ಅದಕ್ಕಾಗಿ ಊರೂರು ಸುತ್ತಿದರು. 1970ರ ದಶಕದಲ್ಲಿ ಮೈಸೂರು, ಧಾರವಾಡಗಳಲ್ಲಿ ಜಾನಪದವೇ ಎಂ.ಎ. ಓದುವ ವಿಷಯವಾಗಿ ಬೆಳೆಯಿತು. ವಿದ್ಯಾರ್ಥಿಗಳು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹಳ್ಳಿಗಳಿಗೆ ಬಂದರು. “ಅಜ್ಜಿ, ಒಂದು ಪದ ಹೇಳಿ” ಅಂದರೆ “ಅಯ್ಯೋ, ನಂಗೇನ್ ಬತ್ತದೆ ಮಗಾ, ಅದ ತಕಂಡು ಏನ್ ಮಾಡೀಯೆ” ಅನ್ನುವ ಅಜ್ಜಿಯೇ ಒಮ್ಮೆ ಬಾಯಿ ಬಿಟ್ಟರೆ ಹೊತ್ತು ಮುಳುಗುವವರೆಗೂ ಹಾಡುವವರು. ಇಂಥವರ ಮುಂದೆ ಕೂತೇ ಆ ಹುಡುಗರು ಪಾಠ ಕಲಿತರು.

ಇದೇ ರೀತಿಯ ಕೆಲಸ ದೂರದ ಅಮೆರಿಕದಲ್ಲೂ ನಡೆಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಅಲನ್ ಡಂಡೆಸ್ ಎಂಬ ಪ್ರಾಧ್ಯಾಪಕರು 1963ರಿಂದ 2005ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದರು. ಅವರ ತರಗತಿಗೆ ಸೇರಿದ ವಿದ್ಯಾರ್ಥಿ ಗಾದೆ, ಹಾಸ್ಯ, ಆಟ, ನಂಬಿಕೆ ಎಂದು 40 ಸಂಗತಿಗಳನ್ನು ಕೂಡಿಸಿ ಒಪ್ಪಿಸಬೇಕಿತ್ತು. ಬರೀ ಮಾತು ಬರೆದರೆ ಸಾಲದು. ಹೇಳಿದವರು ಯಾರು, ಎಲ್ಲಿ ಕಲಿತರು, ಯಾವಾಗ ಹೇಳುತ್ತಾರೆ, ಅವರ ಪ್ರಕಾರ ಅದರ ಅರ್ಥವೇನು, ಎಲ್ಲವೂ ಬೇಕು. ಹೀಗೆ ಕೂಡಿದ ಸಂಗ್ರಹ ಐದು ಲಕ್ಷ ದಾಟಿತು.

ಈ ನಿಯಮದಲ್ಲಿ ದೊಡ್ಡ ವಿವೇಕವಿದೆ. ‘ಭರಣಿ ಮಳೆ ಧರಣಿ ಬೆಳೆ’ ಎಂದು ಬರೆದಿಟ್ಟರೆ ಅದು ನಾಲ್ಕು ಪದ ಮಾತ್ರ. ಅದನ್ನು ಯಾರು, ಯಾವ ಹೊಲದ ಬದುವಿನ ಮೇಲೆ ನಿಂತು, ಯಾವ ಬಿತ್ತನೆ ಮನಸ್ಸಲ್ಲಿಟ್ಟುಕೊಂಡು ಹೇಳಿದರು ಎಂದು ಸೇರಿಸಿದರೆ ಅದೇ ಬೇಸಾಯದ ಚರಿತ್ರೆ. ನಮ್ಮ ಹಳೆಯ ಸಂಗ್ರಹಗಳಲ್ಲಿ ಹಾಡಿಗೆ ಸಿಕ್ಕ ಗಮನ ಹಾಡಿದ ಹೆಣ್ಣುಮಗಳ ವಿವರಕ್ಕೆ ಸಾಮಾನ್ಯವಾಗಿ ಸಿಗಲಿಲ್ಲ. ಸಾಲ ಉಳಿದು ಸಾಲ ಕೊಟ್ಟವರ ಹೆಸರು ಅಳಿಸಿಹೋದ ಹಾಗೆ!

ಇನ್ನೊಂದು ಮಾತು. ಟೇಪಿನ ಸುರುಳಿ ಶಾಶ್ವತವಲ್ಲ. ತೇವಕ್ಕೆ, ಬಿಸಿಲಿಗೆ, ಕಾಲಕ್ಕೆ ಕೆಡುತ್ತದೆ. ಹಾಡಿದವರು ಹೋಗಿ, ಸುರುಳಿಯೂ ಕೆಟ್ಟರೆ ಊರಿಗೆ ಉಳಿಯುವುದೇನು? ಆದ್ದರಿಂದ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇದ್ದರೆ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸಂಗ್ರಹಕ್ಕೆ ವಿದ್ಯಾರ್ಥಿಗಳು ಬಂದರೆ ಕಾಫಿ ಕೊಟ್ಟು ಕಳಿಸುವುದಷ್ಟೇ ಅಲ್ಲ, ಊರಿಗೂ ಒಂದು ಪ್ರತಿ ಕೇಳಿ ಪಡೆಯಿರಿ. ಸಂಘದ ಕಪಾಟಿನಲ್ಲಿ ಲೆಕ್ಕದ ಪುಸ್ತಕದ ಪಕ್ಕ ಇದಕ್ಕೂ ಒಂದು ರಿಜಿಸ್ಟರು ಇರಲಿ: ಹಾಡು, ಹಾಡಿದವರು, ಕಲಿಸಿದವರು, ತಾರೀಖು. ಹಿರಿಯರು ಇಟ್ಟ ಠೇವಣಿ ಇದು. ಅದನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.