ಪ್ರೌಢಶಾಲೆಯ ತರಗತಿಯಲ್ಲಿ ಅಂತರ್ಜಾಲ ಪರಾಮರ್ಶನ

ಪರಾಮರ್ಶನ ಗ್ರಂಥವೆಂದೊಡನೆ ನಮ್ಮ ತಲೆಮಾರಿನವರ ಕಣ್ಣಮುಂದೆ ಬರುವುದು ಗ್ರಂಥಾಲಯದ ಗಾಜಿನ ಕಪಾಟು ಮತ್ತು ಅದಕ್ಕೆ ಹಾಕಿದ ಬೀಗ. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಒಟ್ಟು 14 ಸಂಪುಟಗಳ ಆ ಮಹಾಕೃತಿಯನ್ನು ಹೊರನಾಡಿನ ಶಾಲೆಯೊಂದು ತರಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಇಂದು ಮುಂಬಯಿಯ ಅಥವಾ ದೆಹಲಿಯ ವಿದ್ಯಾರ್ಥಿಯು ಅದರ ಅನೇಕ ಲೇಖನಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಕುಳಿತಲ್ಲಿಯೇ ಓದಬಹುದು. ಕಪಾಟೇನೋ ತೆರೆದಿದೆ, ಅದರ ಮುಂದೆ ನಿಂತ ಮಗುವಿಗೆ ಹುಡುಕುವ ಬಗೆಯನ್ನು ಕಲಿಸುವ ಹೊಣೆ ಮಾತ್ರ ಉಳಿದಿದೆ.

ದತ್ತಸಂಚಯದ ವೈಶಿಷ್ಟ್ಯ

ಶೋಧಯಂತ್ರವು ಕೇಳಿದ ಪದಕ್ಕೆ ಸಿಕ್ಕಿದ್ದೆಲ್ಲವನ್ನೂ ತಂದು ಸುರಿಯುತ್ತದೆ. ಪರಾಮರ್ಶನ ದತ್ತಸಂಚಯವು ಹಾಗಲ್ಲ. ಅಲ್ಲಿ ಮಾಹಿತಿಯನ್ನು ಆಯ್ದು, ವಿಂಗಡಿಸಿ, ಲೇಖಕ, ಪ್ರಕಾಶಕ, ವರ್ಷಗಳ ವಿವರದೊಡನೆ ಜೋಡಿಸಿರುತ್ತಾರೆ. ಯಾರು ಹೇಳಿದರು, ಎಂದು ಹೇಳಿದರು ಎಂಬ ಪ್ರಶ್ನೆಗೆ ಉತ್ತರ ದೊರೆಯುವುದೇ ಅದರ ಮುಖ್ಯ ಗುಣ. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಆಕರವನ್ನು ತೋರಿಸದೆಯೂ ನಿರರ್ಗಳವಾಗಿ ಉತ್ತರಿಸಬಲ್ಲವಾದ್ದರಿಂದ ಈ ಗುಣದ ಬೆಲೆ ಮತ್ತಷ್ಟು ಹೆಚ್ಚಿದೆ.

ಲಭ್ಯವಿರುವ ಆಕರಗಳು

ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ 2009ರಲ್ಲಿ ಆರಂಭವಾದ ‘ಕಣಜ’ವು ಕನ್ನಡದಲ್ಲಿಯೇ ಜ್ಞಾನವನ್ನು ಒದಗಿಸುವ ಉದ್ದೇಶದಿಂದ ರೂಪುಗೊಂಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿ ಲೋಕಾರ್ಪಣೆಗೊಂಡಿತು. ಹಲವು ಭಾಷೆಗಳ ನಿಘಂಟುಗಳು ಅಲ್ಲಿ ಒಂದೆಡೆ ಸಿಗುತ್ತವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂದಿತು. ಸುಮಾರು ಒಂದೂವರೆ ಲಕ್ಷ ಪದಗಳ ಈ ಕೋಶವು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ವಿಶೇಷವಾಗಿ ಉಪಯುಕ್ತ. ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಆದಕಾರಣ ಅದನ್ನು ಕೊನೆಯ ಮಾತೆಂದು ಭಾವಿಸದೆ, ಅಡಿಟಿಪ್ಪಣಿಗಳ ಮೂಲಕ ಮೂಲ ಆಕರಕ್ಕೆ ಹೋಗುವ ಬಾಗಿಲೆಂದು ತಿಳಿಯುವುದು ಸೂಕ್ತ.

ಒಂದು ಪಾಠದ ಮಾದರಿ

ಒಂಬತ್ತನೆಯ ತರಗತಿಗೆ ಒಂದು ಪ್ರಶ್ನೆಯನ್ನು ಕೊಡೋಣ: ಕನ್ನಡದ ಅತ್ಯಂತ ಪ್ರಾಚೀನ ಶಾಸನ ಯಾವುದು? ‘ಹಲ್ಮಿಡಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿದ್ದ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ. ಎಚ್. ಕೃಷ್ಣ. ಅದರ ಕಾಲ ಸುಮಾರು ಕ್ರಿ.ಶ. 450 ಎಂಬುದು ಪ್ರಚಲಿತ ಅಭಿಪ್ರಾಯ. ತರಗತಿಯನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೂ ಬೇರೆ ಬೇರೆ ಆಕರವನ್ನು ನೋಡಲು ಹೇಳಿದರೆ ಚಿತ್ರ ಬದಲಾಗುತ್ತದೆ. ಕೆಲವು ವಿದ್ವಾಂಸರು ಆ ಕಾಲವನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಮತ್ತೊಂದೆಡೆ, ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಪುರಾತತ್ವ ಇಲಾಖೆಯು 2013ರ ಸುಮಾರಿನಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲಿನ ಶಾಸನವೊಂದು ದೊರೆತು, ಅದು ಕ್ರಿ.ಶ. 370ರ ಸುಮಾರಿನದೆಂಬ ವಾದ ಮಂಡಿತವಾಯಿತು.

1990ರಲ್ಲಿ ಅಚ್ಚಾದ ಗ್ರಂಥದಲ್ಲಿ ತಾಳಗುಂದದ ಈ ಶೋಧ ಇರಲಾರದು; ಅದು ಗ್ರಂಥದ ದೋಷವೂ ಅಲ್ಲ. ಆಕರದ ವರ್ಷವನ್ನು ಏಕೆ ನೋಡಬೇಕೆಂಬುದು ಮಗುವಿಗೆ ಇಲ್ಲಿ ಉಪದೇಶವಿಲ್ಲದೆ ಮನದಟ್ಟಾಗುತ್ತದೆ. ಬ್ಯಾಂಕಿನಲ್ಲಿ ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದೆ ದಿನದ ವ್ಯವಹಾರ ಮುಗಿಯುವುದಿಲ್ಲ. ವಿದ್ಯಾಭ್ಯಾಸದಲ್ಲಿಯೂ ಈ ಶಿಸ್ತು ಇರಬೇಕು: ಕನಿಷ್ಠ ಎರಡು ಆಕರಗಳನ್ನು ನೋಡುವುದು, ಭಿನ್ನತೆಯಿದ್ದರೆ ಮುಚ್ಚಿಡದೆ ಬರೆಯುವುದು, ಅನಂತರ ತನ್ನ ಮಾತಿನಲ್ಲಿ ನಿರ್ಣಯಿಸುವುದು.

ಕೆಲವು ತೊಡಕುಗಳು

ಕನ್ನಡ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆಯುವುದರಿಂದ ಒಂದೇ ರೂಪದಲ್ಲಿ ಹುಡುಕಿದರೆ ಅರ್ಧ ಮಾಹಿತಿ ತಪ್ಪಿಹೋಗುತ್ತದೆ. ಎರಡೂ ಲಿಪಿಗಳಲ್ಲಿ ಹುಡುಕುವ ಅಭ್ಯಾಸ ಬೇಕು. ಹಳೆಯ ಪುಸ್ತಕಗಳು ಹಲವೆಡೆ ಪುಟಗಳ ಛಾಯಾಚಿತ್ರಗಳಾಗಿ ಮಾತ್ರ ಇರುತ್ತವೆ. ಅವುಗಳ ಒಳಗಿನ ಪದಗಳನ್ನು ಯಂತ್ರವು ಹುಡುಕಿಕೊಡದು. ಪರಿವಿಡಿಯನ್ನು ನೋಡಿ ಪುಟ ತಿರುವುವ ಹಳೆಯ ವಿದ್ಯೆಯೇ ಅಲ್ಲಿ ಆಸರೆ. ಪರದೆಯಿಂದ ಎತ್ತಿ ಹಾಗೆಯೇ ಅಂಟಿಸುವ ಚಟವನ್ನು ತಡೆಯಲು, ಟಿಪ್ಪಣಿಯನ್ನು ಕೈಬರಹದಲ್ಲಿ ಬರೆಯಿಸುವುದು ಉತ್ತಮ.

ಮನೆಯ ಪಾತ್ರ

ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡವು ಊಟ, ಹಬ್ಬ, ನೆಂಟಸ್ತಿಕೆಗಳ ಭಾಷೆಯಾಗಿ ಉಳಿದಿದೆ. ವಿಷಯವನ್ನು ತಿಳಿಯುವ ಭಾಷೆಯಾಗಿ ಉಳಿದಿರುವುದು ಕಡಿಮೆ. ಶಾಲೆಯ ಯೋಜನಾ ಕಾರ್ಯಕ್ಕಾಗಿ ಇಂಗ್ಲಿಷ್ ಆಕರವೊಂದನ್ನು ನೋಡುವ ಮಗುವಿಗೆ, ಅದೇ ವಿಷಯದ ಕನ್ನಡ ಲೇಖನವನ್ನು ತಂದೆತಾಯಿಯರು ಪಕ್ಕದಲ್ಲಿ ಕುಳಿತು ಓದಿ ಹೇಳಬಹುದು. ಸಂಘಗಳ ಕನ್ನಡ ಕಲಿಕಾ ತರಗತಿಗಳಲ್ಲಿ ತಿಂಗಳಿಗೊಂದು ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ತನ್ನ ಪ್ರಶ್ನೆಗೆ ಕನ್ನಡದಲ್ಲಿಯೂ ಉತ್ತರ ಸಿಗುತ್ತದೆಂದು ಒಮ್ಮೆ ಕಂಡುಕೊಂಡ ಮಗು, ಮುಂದಿನ ಪ್ರಶ್ನೆಯನ್ನೂ ಆ ಭಾಷೆಯಲ್ಲಿ ಕೇಳೀತು ಎಂದು ಆಶಿಸೋಣ.