ವೈದ್ಯಕೀಯ ಮಹಾವಿದ್ಯಾಲಯಗಳ ಪ್ರಕಟಣೆಗಳು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರು ತಿಳಿದಿರಬೇಕಾದುದು

ವೈದ್ಯಕೀಯ ಮಹಾವಿದ್ಯಾಲಯವೊಂದು ವರ್ಷವಿಡೀ ಹೊರಡಿಸುವ ಪ್ರಕಟಣೆಗಳಲ್ಲಿ ಹೆಚ್ಚಿನವು ಅಲ್ಲಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದವು. ವೈದ್ಯರ ಮುಂದುವರಿದ ಶಿಕ್ಷಣದ ಕಾರ್ಯಾಗಾರಗಳು, ಸಮ್ಮೇಳನಗಳು, ಪರೀಕ್ಷಾ ವೇಳಾಪಟ್ಟಿಗಳು, ಹೊಸ ವಿದ್ಯಾರ್ಥಿಗಳು ಬಿಳಿಯ ಕೋಟು ತೊಡುವ ಸಮಾರಂಭ, ಪದವಿ ಪ್ರದಾನ ಮೊದಲಾದವನ್ನು ಸಾರ್ವಜನಿಕರು ಓದದೆ ಬಿಟ್ಟರೂ ನಷ್ಟವಿಲ್ಲ. ಆದರೆ ಸೀಟು ಹಂಚಿಕೆ, ಆರೋಗ್ಯ ಶಿಬಿರ, ದೇಹದಾನ ಎಂಬ ಮೂರು ವಿಷಯಗಳ ಪ್ರಕಟಣೆಗಳು ನೇರವಾಗಿ ನಮ್ಮ ಮನೆಗಳಿಗೆ ಸಂಬಂಧಿಸಿದವು. ಇವುಗಳಲ್ಲಿ ಒಂದು ದಿನ, ಕೆಲವೊಮ್ಮೆ ಒಂದು ಗಂಟೆ ತಡವಾದರೂ ಕೈತಪ್ಪಿದ್ದು ಮರಳಿ ಸಿಗುವುದಿಲ್ಲ. ಆದುದರಿಂದ ಈ ಮೂರನ್ನು ಕುರಿತು ಇಲ್ಲಿ ಕೊಂಚ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲಿಗೆ ಈ ಸೀಮೆಗೆ ಒದಗುವ ಸಂಸ್ಥೆಗಳ ಪರಿಚಯ. ಮಂಡ್ಯ ನಗರದಲ್ಲಿ ಜಿಲ್ಲಾ ಆಸ್ಪತ್ರೆಯ ಆಧಾರದ ಮೇಲೆ ರೂಪುಗೊಂಡ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಜನರು ಅದನ್ನು ‘ಮಿಮ್ಸ್’ ಎಂದೇ ಕರೆಯುತ್ತಾರೆ. ಅದು ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಜಿಲ್ಲೆಯ ಉತ್ತರಕ್ಕೆ, ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯ ನಡೆಯುತ್ತಿದೆ. ಮೈಸೂರಿನಲ್ಲಿ ಎರಡು ಹಿರಿಯ ಸಂಸ್ಥೆಗಳಿವೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಮಹಾವಿದ್ಯಾಲಯ ಒಂದು. ಅದರ ಬೋಧನಾ ಆಸ್ಪತ್ರೆಯೇ ಕೆ.ಆರ್. ಆಸ್ಪತ್ರೆ. ಸುತ್ತೂರು ಶ್ರೀಮಠದ ಜೆಎಸ್ಎಸ್ ಮಹಾವಿದ್ಯಾಪೀಠವು 1984ರಲ್ಲಿ ತೆರೆದ ಜೆಎಸ್ಎಸ್ ವೈದ್ಯಕೀಯ ಮಹಾವಿದ್ಯಾಲಯ ಇನ್ನೊಂದು. ಮಂಡ್ಯ ಮತ್ತು ಮದ್ದೂರಿನವರಿಗೆ ರೈಲೂ ಹೆದ್ದಾರಿಯೂ ಇವೆ. ಮಳವಳ್ಳಿಗೆ ರೈಲಿಲ್ಲ, ಅಲ್ಲಿನವರು ಮಂಡ್ಯಕ್ಕೆ ಹೋಗಬೇಕಾದರೂ ಮೈಸೂರಿಗೆ ಹೋಗಬೇಕಾದರೂ ಬಸ್ಸನ್ನೇ ನೆಚ್ಚಬೇಕು. ಬೆಳಗಿನ ಹೊತ್ತಿಗೆ ಬರಬೇಕೆಂದು ಪ್ರಕಟಣೆಯಲ್ಲಿ ಬರೆಯುವವರು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಒಳ್ಳೆಯದು.

ಸೀಟಿನ ವಿಚಾರಕ್ಕೆ ಬರೋಣ. ಎಂಬಿಬಿಎಸ್ ಪ್ರವೇಶಕ್ಕೆ ‘ನೀಟ್’ ಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಅರ್ಜಿ ಸಲ್ಲಿಸುವಾಗಲೇ ಭಾಷೆಯನ್ನು ಆರಿಸಿಕೊಳ್ಳಬೇಕು. ಹಳ್ಳಿಯ ಮಕ್ಕಳು ಎಡವುವುದು ಪರೀಕ್ಷೆಯಲ್ಲಿ ಮಾತ್ರವಲ್ಲ, ಪರೀಕ್ಷೆಯ ನಂತರವೂ. ನೀಟ್ ಬರೆದು ಅಂಕ ಬಂದರೆ ಕಾಲೇಜಿನಿಂದ ಕರೆ ಬರುತ್ತದೆಂದು ಕಾದು ಕುಳಿತ ಕುಟುಂಬಗಳಿವೆ. ಅಂತಹ ಕರೆ ಯಾರಿಗೂ ಬರುವುದಿಲ್ಲ. ಸರ್ಕಾರಿ ಕಾಲೇಜುಗಳ ಶೇ. 85ರಷ್ಟು ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ, ದಾಖಲೆ ಪರಿಶೀಲನೆ ಮುಗಿಸಿ, ಕಾಲೇಜುಗಳ ಆಯ್ಕೆಯನ್ನು ಕ್ರಮವಾಗಿ ನಮೂದಿಸಬೇಕು. ಉಳಿದ ಶೇ. 15ರಷ್ಟು ಅಖಿಲ ಭಾರತ ಸೀಟುಗಳನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಮೈಸೂರಿನ ಜೆಎಸ್ಎಸ್ ಕಾಲೇಜು ಪರಿಗಣಿತ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ ಅಲ್ಲಿನ ಸೀಟುಗಳೂ ದೆಹಲಿಯ ಸಮಿತಿಯ ಮೂಲಕವೇ ಬರುತ್ತವೆ. ಮನೆಯ ಪಕ್ಕದ ಊರಿನ ಕಾಲೇಜಿಗೆ ದೆಹಲಿಯಲ್ಲಿ ಹೆಸರು ನೋಂದಾಯಿಸಬೇಕೆಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ.

ದಾಖಲೆಗಳ ವಿಷಯದಲ್ಲಿ ಎಚ್ಚರ ಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮೀಸಲಾತಿ ಉಂಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಉಂಟು. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಪಡೆಯಬೇಕು. ಫಲಿತಾಂಶ ಬಂದ ಮೇಲೆ ಓಡಾಡುವುದಕ್ಕಿಂತ ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಇವನ್ನು ಮಾಡಿಸಿಟ್ಟುಕೊಳ್ಳುವುದು ಲೇಸು. ಸೀಟು ದೊರೆತ ಮೇಲೆ ಕಾಲೇಜಿಗೆ ವರದಿ ಮಾಡಿಕೊಳ್ಳಲು ಕೊಡುವ ಅವಧಿ ಕೆಲವೇ ದಿನಗಳದು. ಅದನ್ನು ಮೀರಿದರೆ ಸೀಟು ಮುಂದಿನ ಸುತ್ತಿಗೆ ಹೋಗುತ್ತದೆ. ಇನ್ನು, ಹಣ ಕೊಟ್ಟರೆ ಸರ್ಕಾರಿ ಸೀಟು ಕೊಡಿಸುತ್ತೇವೆಂದು ಬರುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಲೇಬಾರದು. ಜಮೀನು ಮಾರಿ ಅವರ ಕೈಗೆ ಹಣ ಕೊಟ್ಟವರ ಕಥೆಗಳು ಕಬ್ಬಿನ ಸೀಮೆಗೆ ಹೊಸವಲ್ಲ.

ಆರೋಗ್ಯ ಶಿಬಿರಗಳ ಕರಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿರುವುದು ‘ಉಚಿತ’ ಎಂಬ ಪದ. ತಪಾಸಣೆ ಉಚಿತವೆಂದರೆ ಅನಂತರದ ಚಿಕಿತ್ಸೆಯೂ ಉಚಿತವೆಂದು ಭಾವಿಸಬಾರದು. ಯಾವುದು ಉಚಿತ, ಯಾವುದಕ್ಕೆ ಹಣ, ಯಾವ ಯೋಜನೆಯಡಿ ಶಸ್ತ್ರಚಿಕಿತ್ಸೆ ಎಂಬುದನ್ನು ಶಿಬಿರದಲ್ಲಿಯೇ ಕೇಳಿ ತಿಳಿಯಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸಾಧ್ಯವಾಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಈ ಕ್ರಮ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಪೂರ್ತಿ ಬಿಲ್ಲು ಕಟ್ಟಿದವರಿದ್ದಾರೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ ಚಾಲನೆ ಪಡೆದ ಯಶಸ್ವಿನಿ ಯೋಜನೆಗೆ ನೋಂದಣಿಯ ಗಡುವಿರುತ್ತದೆ. ಹಾಲಿನ ಡೈರಿಯಲ್ಲಿ ಅಥವಾ ಸೊಸೈಟಿಯಲ್ಲಿ ಅದನ್ನು ವಿಚಾರಿಸಬೇಕು.

ಶಿಬಿರಕ್ಕೆ ಹೋಗುವವರು ಹಳೆಯ ಚೀಟಿಗಳನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಜೊತೆಗೆ ಒಯ್ಯಬೇಕು. ‘ಬಿಳಿ ಮಾತ್ರೆ, ಬೆಳಿಗ್ಗೆ ಒಂದು’ ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯದು.

ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ‘ಕುಟುಂಬ ದತ್ತು’ ಕಾರ್ಯಕ್ರಮವನ್ನು ಪಠ್ಯದ ಭಾಗವಾಗಿಸಿದೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಲಾಗುತ್ತದೆ. ವಿದ್ಯಾರ್ಥಿಯು ಕಾಲಕಾಲಕ್ಕೆ ಬಂದು ರಕ್ತದೊತ್ತಡ, ಸಕ್ಕರೆ, ಮಕ್ಕಳ ತೂಕ, ಲಸಿಕೆ ಮೊದಲಾದವನ್ನು ಗಮನಿಸುತ್ತಾನೆ. ಮನೆಗೆ ಬಂದ ಹುಡುಗ ಹುಡುಗಿಯರನ್ನು ಜನಗಣತಿಯವರೆಂದೋ ಮಾರಾಟಗಾರರೆಂದೋ ಬಾಗಿಲಲ್ಲೇ ಕಳುಹಿಸಬಾರದು. ಗುರುತಿನ ಚೀಟಿ ನೋಡಿ, ಒಳಗೆ ಕರೆದು ಕೂರಿಸಿ ಮಾತನಾಡಬಹುದು. ಅವರು ಇನ್ನೂ ವೈದ್ಯರಲ್ಲ, ಔಷಧಿ ಬರೆಯುವಂತಿಲ್ಲ. ಆದರೆ ಆಸ್ಪತ್ರೆಗೆ ದಾರಿ ತೋರಬಲ್ಲರು. ಇಂತಹ ಭೇಟಿಯಲ್ಲಿ ಗರ್ಭಿಣಿಯರ ಆರೈಕೆಯ ಮಾತೂ ಬರುತ್ತದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ ಇಂತಹ ಕೃತ್ಯ ನಡೆದ ಜಿಲ್ಲೆಯಲ್ಲಿ ಆ ಮಾತು ಎಷ್ಟು ನಡೆದರೂ ಹೆಚ್ಚಾಗದು.

ದೇಹದಾನದ ಪ್ರಕಟಣೆಗಳನ್ನು ಹೊರಡಿಸುವುದು ಅಂಗರಚನಾಶಾಸ್ತ್ರ ವಿಭಾಗ. ಮೊದಲ ವರ್ಷದ ವಿದ್ಯಾರ್ಥಿಗಳು ಮನುಷ್ಯದೇಹವನ್ನು ಕಣ್ಣಾರೆ ಕಂಡು ಕಲಿಯುವುದು ಅಲ್ಲಿಯೇ. ನಮ್ಮ ರಾಜ್ಯದಲ್ಲಿ ಇದಕ್ಕೆ 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದ ಆಧಾರವಿದೆ. ಬದುಕಿರುವಾಗ ಕಾಲೇಜಿನ ನಮೂನೆಯಲ್ಲಿ ಸಾಕ್ಷಿಗಳ ಸಮಕ್ಷಮ ಇಚ್ಛೆಯನ್ನು ಬರೆದುಕೊಡಬೇಕು. ಆದರೆ ಕಾಗದ ಬರೆದುಕೊಟ್ಟ ಮಾತ್ರಕ್ಕೆ ದಾನ ನೆರವೇರುವುದಿಲ್ಲ. ಲಿಂಗೈಕ್ಯರಾದ ಬಳಿಕ ಕಾಲೇಜಿಗೆ ಕರೆ ಮಾಡಬೇಕಾದವರು ಮನೆಯವರು. ಅವರು ಒಪ್ಪದಿದ್ದರೆ ಕಾಲೇಜು ಒತ್ತಾಯಿಸುವುದಿಲ್ಲ. ಆದುದರಿಂದ ಇಚ್ಛೆಯುಳ್ಳ ಹಿರಿಯರು ಮಕ್ಕಳನ್ನೂ ಸೊಸೆಯಂದಿರನ್ನೂ ಕೂರಿಸಿಕೊಂಡು ಮೊದಲೇ ತಿಳಿಸಿ ಒಪ್ಪಿಸಬೇಕು.

ನಮ್ಮ ಸಮಾಜದಲ್ಲಿ ಇಲ್ಲೊಂದು ತೊಡಕುಂಟು. ನಮ್ಮದು ಕ್ರಿಯಾಸಮಾಧಿಯ ಪದ್ಧತಿ. ದೇಹದೊಡನೆ ಇಷ್ಟಲಿಂಗವೂ ಸಮಾಧಿಗೆ ಸೇರುತ್ತದೆ. ದೇಹವನ್ನು ಕಾಲೇಜಿಗೆ ಒಪ್ಪಿಸಿದರೆ ಇಷ್ಟಲಿಂಗದ ಗತಿಯೇನು, ಗದ್ದುಗೆ ಇಲ್ಲದೆ ಸ್ಮರಣೆ ಎಲ್ಲಿ ಎಂಬ ಪ್ರಶ್ನೆಗಳು ಹಗುರವಾದವಲ್ಲ. ಇವನ್ನು ದುಃಖದ ಗಳಿಗೆಯಲ್ಲಿ ಬಂಧುಗಳ ಗುಂಪಿನ ನಡುವೆ ಬಗೆಹರಿಸಲಾಗದು. ದಾನಪತ್ರ ಬರೆಯುವಾಗಲೇ ತಮ್ಮ ಗುರುಗಳನ್ನು ಕಂಡು ಕೇಳಿ, ವಿಧಿ ಹೇಗೆ ನಡೆಯಬೇಕೆಂದು ತಿಳಿದುಕೊಳ್ಳಬೇಕು. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹವನ್ನು ಕಾಯ್ದಿರಿಸಲಾಯಿತು. ಎರಡು ವರ್ಷಗಳ ಬಳಿಕ, 2010ರಲ್ಲಿ, ಬೆಳಗಾವಿಯಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಮಗ ಡಾ. ಮಹಾಂತೇಶರೇ ತಂದೆಯ ದೇಹವನ್ನು ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಎಲ್ಲರಿಂದಲೂ ಆಗುವ ಕೆಲಸ ಇದಲ್ಲ, ಆಗಬೇಕೆಂದೂ ನಾವು ಹೇಳುವುದಿಲ್ಲ. ಆದರೆ ಆ ಮನೆಯಲ್ಲಿ ತಂದೆಯ ಇಚ್ಛೆ ಮಗನಿಗೆ ಮೊದಲೇ ಸ್ಪಷ್ಟವಾಗಿ ಗೊತ್ತಿತ್ತು ಎಂಬುದು ಗಮನಿಸತಕ್ಕ ಅಂಶ.

ಕಾಲೇಜು ಎಲ್ಲ ದೇಹಗಳನ್ನೂ ಸ್ವೀಕರಿಸುವುದಿಲ್ಲ. ಅಪಘಾತ ಅಥವಾ ಅಸಹಜ ಸಾವಾಗಿ ಮರಣೋತ್ತರ ಪರೀಕ್ಷೆ ನಡೆದಿದ್ದರೆ, ಎಚ್ಐವಿ ಅಥವಾ ಹೆಪಟೈಟಿಸ್‌ನಂತಹ ಸೋಂಕು ಇದ್ದರೆ ಸಾಮಾನ್ಯವಾಗಿ ನಿರಾಕರಿಸುತ್ತದೆ. ಸಾವನ್ನು ವೈದ್ಯರು ದೃಢೀಕರಿಸಿದ ಪತ್ರ ಬೇಕು. ದೇಹ ಕೆಡುವ ಮುನ್ನ ಕೆಲವೇ ಗಂಟೆಗಳಲ್ಲಿ ತಲುಪಿಸಬೇಕಾಗುವುದರಿಂದ ದೂರದ ಊರಿನ ಮಗ ಬರಲೆಂದು ಮರುದಿನದವರೆಗೆ ಕಾಯಲಾಗದು. ಕಾಯಲೇಬೇಕಾದರೆ ಶೈತ್ಯಾಗಾರದ ವ್ಯವಸ್ಥೆ ಕೇಳಬೇಕು.

ನೇತ್ರದಾನ ಮಾಡಿದ ಮೇಲೂ ದೇಹದಾನ ಮಾಡಬಹುದು, ದೇಹದಾನ ಬೇಡವೆಂದವರು ಕಣ್ಣನ್ನಷ್ಟೇ ಕೊಟ್ಟು ಕ್ರಿಯಾಸಮಾಧಿ ನೆರವೇರಿಸಲೂಬಹುದು. ಕಣ್ಣುಗಳನ್ನು ಆರು ಗಂಟೆಗಳೊಳಗೆ ತೆಗೆಯಬೇಕು. ನೇತ್ರ ಸಂಗ್ರಹದವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯನ್ನಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಕೋಣೆಯ ಫ್ಯಾನನ್ನು ಆರಿಸಿಡಬೇಕು.